ಕೆಟ್ಟುಹೋದ ಬಿಯರಿನ ಮೀಮಾಂಸೆ

ಮೀಮಾಂಸಕರ ಪದ್ಧತಿಯಲ್ಲಿ ಒಂದು ಅಧಿಕರಣಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಪ್ರಕೃತ ಪ್ರಬಂಧದ ವಿಷಯ, ಒಂದು ಬಾಟಲಿ ಬಿಯರ್. ಸಂಶಯ, ಅದು ಕೆಟ್ಟುಹೋಗಿದೆಯೇ ಎಂಬುದು. ಪೂರ್ವಪಕ್ಷ, ಕೆಟ್ಟಿದ್ದರೆ ಅದರ ವಿಮರ್ಶೆ ಬರೆಯಕೂಡದು ಎಂಬುದು. ಸಿದ್ಧಾಂತ ಮುಂದೆ ಬರುತ್ತದೆ. ಸಂಗತಿಯನ್ನು ಮಾತ್ರ ಕೈಬಿಟ್ಟಿದ್ದೇನೆ. ಬಾರಿನ ಸಂಗತಿಗಳು ಬಾರಿನಲ್ಲೇ ಉಳಿಯುವುದು ಶಿಷ್ಟಾಚಾರ.

ಈ ಪ್ರಶ್ನೆಯನ್ನು ಕನ್ನಡ ವಿಮರ್ಶಾಲೋಕ ಗಂಭೀರವಾಗಿ ಎತ್ತಿಕೊಳ್ಳದಿರುವುದು ವಿಷಾದದ ವಿಚಾರ. ಏಕೆಂದರೆ ಎತ್ತಿಕೊಳ್ಳಲು ನಮಗಿಂತ ಅರ್ಹರು ಇನ್ನೊಬ್ಬರಿಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ಒಂಬತ್ತನೇ ಶತಮಾನದ ಕವಿರಾಜಮಾರ್ಗ. ಅದರ ಮೊದಲ ಪರಿಚ್ಛೇದದ ಹೆಸರೇ ದೋಷಾದೋಷಾನುವರ್ಣನ ನಿರ್ಣಯ. ಶಬ್ದಾಲಂಕಾರ, ಅರ್ಥಾಲಂಕಾರಗಳ ಸರದಿ ಬರುವುದು ಎರಡು ಮತ್ತು ಮೂರನೇ ಪರಿಚ್ಛೇದಗಳಲ್ಲಿ. ಮೊದಲು ತಪ್ಪು ಹುಡುಕಿ, ಪುರುಸೊತ್ತಾದರೆ ಅಲಂಕಾರ ನೋಡುವ ಜನ ನಾವು. ಮದುವೆಮನೆಯ ಊಟ ಮುಗಿಸಿ ಕೈತೊಳೆಯಲು ನಿಂತವರ ಮಾತು ಕೇಳಿದವರಿಗೆ ಇದಕ್ಕೆ ಬೇರೆ ಪುರಾವೆ ಬೇಡ. ಇಂಥ ಪರಂಪರೆಯವರು ಹಳಸಿದ ಬಿಯರಿನೆದುರು ಮೌನವಾಗಿ ಕೂತು, ಬಿಲ್ ಕೊಟ್ಟು, ಸೋಂಪು ಬಾಯಿಗೆ ಹಾಕಿಕೊಂಡು ಎದ್ದು ಬರುವುದು ಕವಿರಾಜಮಾರ್ಗಕಾರ ಶ್ರೀವಿಜಯನಿಗೆ ಮಾಡುವ ಅಪಚಾರ.

ಮೊದಲು ಗಡಿ ಗುರುತಿಸಿಕೊಳ್ಳೋಣ. ಹುಟ್ಟಿನಿಂದಲೇ ನೀರುನೀರಾಗಿ ಸಪ್ಪೆಯಾದ ಬಿಯರ್ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಬೈಯುವ ಹಕ್ಕು ದುಡ್ಡು ಕೊಟ್ಟ ಕ್ಷಣದಲ್ಲೇ ಸಿದ್ಧಿಸುತ್ತದೆ. ನಮ್ಮ ಪ್ರಶ್ನೆ, ಕಾರ್ಖಾನೆಯಿಂದ ಚೆನ್ನಾಗಿಯೇ ಹೊರಟು ಗ್ಲಾಸಿಗೆ ಬೀಳುವಷ್ಟರಲ್ಲಿ ಬೇರೆಯೇ ಆಗಿಬಿಟ್ಟ ಬಿಯರಿನದು. ಇದರಲ್ಲಿ ಮುಖ್ಯವಾಗಿ ಮೂರು ಪ್ರಭೇದ: ಬಿಸಿಲು ಕಂಡದ್ದು, ಗಾಳಿ ಕುಡಿದದ್ದು, ಒಳಗೆ ಯಾರೋ ಬಾಡಿಗೆಗೆ ಬಂದದ್ದು. ಮೊದಲನೆಯದರಲ್ಲಿ ಶಾಸ್ತ್ರಕ್ಕೆ ಕೆಲಸ ಹೆಚ್ಚು.

ಬಿಯರಿಗೆ ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಕುದಿಸುವಾಗ ಹೂವಿನ ಆಮ್ಲಗಳು ಐಸೊ-ಆಲ್ಫಾ ಆಮ್ಲಗಳಾಗಿ ಮಾರ್ಪಡುತ್ತವೆ. ಬಿಯರಿನಲ್ಲಿ ಸಹಜವಾಗಿಯೇ ಇರುವ ರೈಬೊಫ್ಲಾವಿನ್, ಎಂದರೆ ಬಿ2 ಜೀವಸತ್ವ, ಬೆಳಕನ್ನು ಹೀರಿಕೊಂಡು ಆ ಆಮ್ಲಗಳು ಒಡೆಯುವಂತೆ ಮಾಡುತ್ತದೆ. ಒಡೆದ ಚೂರು ಗಂಧಕವುಳ್ಳ ಅಂಶದೊಡನೆ ಕೂಡಿ 3-ಮೀಥೈಲ್-2-ಬ್ಯೂಟೀನ್-1-ಥಯಾಲ್ ಆಗುತ್ತದೆ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಸಿಕ್ಕಿಬೀಳುವ ಪದಾರ್ಥ ಇದು. ಕಂದು ಬಾಟಲಿ ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ. ಹಸಿರು ಗಾಜು, ಬಿಳಿ ಗಾಜು ನೋಡಲು ಚೆಂದ, ಅಷ್ಟೆ. ಜೀವಸತ್ವವೇ ಖಳನಾಯಕನಾಗಿರುವ ಅಪರೂಪದ ಕಥಾವಸ್ತು ಇದಾದ್ದರಿಂದ ಪತ್ರಿಕೆಗಳ ಆರೋಗ್ಯ ಅಂಕಣಕಾರರು ಗಮನಿಸಬೇಕೆಂದು ಕೋರುತ್ತೇನೆ.

ಈ ವಾಸನೆಯನ್ನು ಪಾಶ್ಚಾತ್ಯ ವಿಮರ್ಶಕರು ಸ್ಕಂಕ್ ಎಂಬ ಪ್ರಾಣಿಗೆ ಹೋಲಿಸುತ್ತಾರೆ. ಇಲ್ಲಿ ಪ್ರಮಾಣಶಾಸ್ತ್ರದ ದೊಡ್ಡ ತೊಡಕಿದೆ. ಸ್ಕಂಕ್ ಅಮೆರಿಕದ ಪ್ರಾಣಿ. ಬಂಡೀಪುರದಲ್ಲಾಗಲಿ ದಾಂಡೇಲಿಯಲ್ಲಾಗಲಿ ಎಷ್ಟು ಅಲೆದರೂ ಸಿಗುವುದಿಲ್ಲ. ಉಪಮಾನ ಪ್ರಮಾಣಕ್ಕೆ ನೈಯಾಯಿಕರು ಕೊಡುವ ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತು: ಗವಯವೆಂಬ ಮೃಗ ಹಸುವಿನಂತಿರುತ್ತದೆ ಎಂದು ಕೇಳಿಸಿಕೊಂಡ ಪಟ್ಟಣಿಗ ಕಾಡಿಗೆ ಹೋಗಿ, ಹಸುವಿನಂಥದ್ದೊಂದನ್ನು ಕಂಡು, ಇದೇ ಗವಯ ಎಂದು ತಿಳಿಯುತ್ತಾನೆ. ಹಸುವನ್ನು ಮೊದಲೇ ಕಂಡಿರಬೇಕೆಂಬುದು ಷರತ್ತು. ಸ್ಕಂಕನ್ನು ಕಂಡೇ ಇಲ್ಲದ ಕನ್ನಡಿಗನಿಗೆ ಬಿಯರ್ ಸ್ಕಂಕಿನಂತಿದೆ ಎಂದರೆ ಯಾವ ಜ್ಞಾನವೂ ಹುಟ್ಟುವುದಿಲ್ಲ. ಆದರೆ ಪ್ರಮಾಣ ತಿರುಗಿ ಕೆಲಸ ಮಾಡುತ್ತದೆ. ಗಾಜಿನ ಕಪಾಟಿನಲ್ಲಿ ಬಿಸಿಲು ಕಾಯಿಸಿಕೊಂಡ ಹಸಿರು ಬಾಟಲಿಗಳನ್ನು ವರ್ಷಾನುಗಟ್ಟಲೆ ಬಲ್ಲ ಮೈಸೂರಿನ ನಿವೃತ್ತ ಮೇಷ್ಟ್ರು ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗುತ್ತಾರೆ. ಸಂಜೆಯ ವಾಕಿಂಗಿನಲ್ಲಿ ಪೊದೆಯ ಕಡೆಯಿಂದ ಬಂದ ಗಾಳಿಗೆ ಮೂಗೆತ್ತಿ, “ಯಾರೋ ಬಿಯರನ್ನ ಬಿಸಿಲಲ್ಲಿ ಇಟ್ಟುಬಿಟ್ಟಿದ್ದಾರೆ ಕಣಮ್ಮಾ” ಎನ್ನುತ್ತಾರೆ. ಮರುಕ್ಷಣ ಕಪ್ಪುಬಿಳುಪು ಪಟ್ಟೆಯ ಪ್ರಾಣಿ ಹೊರಗೆ ಬಂದು ಉಪಮಿತಿಯನ್ನು ಪೂರ್ಣಗೊಳಿಸುತ್ತದೆ. ಭಾರತೀಯ ತರ್ಕಶಾಸ್ತ್ರಕ್ಕೆ ಕೆಟ್ಟುಹೋದ ಬಿಯರಿನ ಮೊದಲ ಕೊಡುಗೆ ಇದು. ಈ ಒಂದು ಕಾರಣಕ್ಕಾದರೂ ಅದನ್ನು ಚೆಲ್ಲದೆ ಪೂರ್ತಿ ಕುಡಿದವರಿಗೆ ನಾವು ಕೃತಜ್ಞರಾಗಿರಬೇಕು.

ಉಳಿದ ಪ್ರಮಾಣಗಳ ಸ್ಥಿತಿಯೂ ಅಷ್ಟೇನೂ ಚೆನ್ನಾಗಿಲ್ಲ. ಪ್ರತ್ಯಕ್ಷಕ್ಕೆ ಬೇಕಾದ ಮೂಗು ನಾಲಿಗೆಗಳನ್ನು ನಮ್ಮ ಬಾರುಗಳು ಶೈತ್ಯದಿಂದ ನಿಷ್ಕ್ರಿಯಗೊಳಿಸುತ್ತವೆ. “ಚಿಲ್ಡ್ ಇದೆಯಾ?” ಎಂಬುದೇ ನಮ್ಮಲ್ಲಿ ಮೊದಲ ವಿಮರ್ಶಾ ಪ್ರಶ್ನೆ, ಬಹುಪಾಲು ಕೊನೆಯದೂ ಅದೇ. ತೀರ ತಣ್ಣಗಿರುವ ದ್ರವದಿಂದ ವಾಸನೆ ಮೇಲೇಳುವುದು ಕಡಿಮೆ, ನಾಲಿಗೆಯೂ ಜಡವಾಗಿರುತ್ತದೆ. ಅದರ ಮೇಲೆ ಕಾಂಗ್ರೆಸ್ ಕಡ್ಲೆಕಾಯಿಯ ಖಾರ. ಇಷ್ಟಾದ ಮೇಲೆ ಕೆಟ್ಟದ್ದೂ ಕೆಡದ್ದೂ ಒಂದೇ, ಭೇದಬುದ್ಧಿ ತಾನಾಗಿ ಅಳಿಯುತ್ತದೆ. ಶಬ್ದಪ್ರಮಾಣಕ್ಕೆ ಆಪ್ತನ ವಾಕ್ಯ ಬೇಕು. ಬಾರಿನಲ್ಲಿ ಸಿಗುವ ಆಪ್ತನೆಂದರೆ ಸಪ್ಲೈಯರ್.

“ಏನಪ್ಪಾ, ಇದು ಒಂಥರಾ ವಾಸನೆ ಬರ್ತಿದೆಯಲ್ಲಾ?”

“ಅದು ಹಂಗೇ ಸಾರ್, ಇಂಪೋರ್ಟೆಡ್ಡು.”

ವಾದ ಇಲ್ಲಿಗೆ ಮುಗಿಯುತ್ತದೆ. ಟಿಪ್ಸಿನ ನಿರೀಕ್ಷೆಯಲ್ಲಿ ನಿಂತವನ ವಾಕ್ಯ ಆಪ್ತವಾಕ್ಯವಾಗಬಲ್ಲದೇ ಎಂಬುದನ್ನು ನ್ಯಾಯಸೂತ್ರಕಾರ ಗೌತಮರು ಚರ್ಚಿಸಿಲ್ಲ. ಗಟ್ಟಿಯಾಗಿ ಉಳಿಯುವುದು ಅನುಮಾನ ಒಂದೇ. ಬಾಟಲಿಯ ಹೆಗಲ ಮೇಲೆ ಧೂಳು ಕೂತಿದೆ. ಎಲ್ಲೆಲ್ಲಿ ಧೂಳೋ ಅಲ್ಲಲ್ಲಿ ರಟ್ಟಿನ ವಾಸನೆ. ಆದ್ದರಿಂದ ಇದರೊಳಗೆ ರಟ್ಟಿದೆ.

ರಟ್ಟು ಎಂದದ್ದು ಉತ್ಪ್ರೇಕ್ಷಾಲಂಕಾರವಲ್ಲ. ಹಳೆಯದಾದ ಬಿಯರಿನಲ್ಲಿ ಕಾಣಿಸಿಕೊಳ್ಳುವ ಟ್ರಾನ್ಸ್-2-ನೊನೆನಾಲ್ ಎಂಬ ಆಲ್ಡಿಹೈಡಿನ ವಾಸನೆ ಒದ್ದೆಯಾದ ರಟ್ಟಿನ ಪೆಟ್ಟಿಗೆಯದೇ. ಎರಡನೇ ಪ್ರಭೇದದ ಮುಖ್ಯ ಲಕ್ಷಣ ಇದು, ಶಾಖ ಹೆಚ್ಚಿದಷ್ಟೂ ಬೇಗ ಬರುತ್ತದೆ. ಇದಕ್ಕೆ ಬಿಯರ್ ತಯಾರಿಸುವವರಲ್ಲಿ 3-30-300 ಎಂಬ ಸೂತ್ರವೇ ಇದೆ: 32 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 3 ದಿನ, 22ರಲ್ಲಿ 30 ದಿನ, 3ರಲ್ಲಿ 300 ದಿನ, ಮೂರರಿಂದಲೂ ಬಿಯರಿಗೆ ಹೆಚ್ಚುಕಡಿಮೆ ಒಂದೇ ಮುಪ್ಪು. ಸೂತ್ರಕಾರರು ರಾಯಚೂರಿನ ಏಪ್ರಿಲ್ ಕಂಡವರಲ್ಲ. ಅಲ್ಲಿ 40 ದಾಟುವ ಸೆಕೆಯಲ್ಲಿ ಸೂತ್ರದ ಮೊದಲ ಅಂಕಿ ಎಷ್ಟಕ್ಕೆ ಇಳಿಯುತ್ತದೆ ಎಂಬುದಕ್ಕೆ ಭಾಷ್ಯ ಬೇಕು. ಕಾರ್ಖಾನೆಯಿಂದ ಲಾರಿ, ಲಾರಿಯಿಂದ ಪಾನೀಯ ನಿಗಮದ ಡಿಪೋ, ಡಿಪೋದಿಂದ ಇನ್ನೊಂದು ಗಾಡಿ, ಅಲ್ಲಿಂದ ವೈನ್ ಶಾಪಿನ ಹಿಂದಿನ ತಗಡಿನ ಶೆಡ್ಡು. ಲೇಬಲ್ಲಿನ ಮೇಲೆ ಅಚ್ಚಾದ ತಿಂಗಳ ಲೆಕ್ಕವನ್ನು ಈ ತಗಡು ಓದಿಕೊಂಡಿರುವುದಿಲ್ಲ.

ಪೂರ್ವಪಕ್ಷಿ ಎದ್ದು ನಿಲ್ಲುವುದು ಇಲ್ಲೇ. “ನೋಡಿ, ತಗಡಿನ ತಪ್ಪಿಗೆ ಬಿಯರ್ ಮಾಡಿದವನನ್ನು ಬೈಯುತ್ತೀರಾ? ಇದು ಗೆದ್ದಲು ತಿಂದ ಓಲೆಗರಿ ಓದಿ ಪಂಪನಿಗೆ ಛಂದಸ್ಸು ಬರುತ್ತಿರಲಿಲ್ಲ ಎಂದ ಹಾಗಾಯಿತು” ಎನ್ನುತ್ತಾನೆ. ವಾದ ಬಲವಾಗಿದೆ. ಇದಕ್ಕೆ ಉತ್ತರ ಹೇಳಬೇಕಾದರೆ ಕೆಡುಕು ಬಿಯರಿನಲ್ಲಿ ಮೊದಲೇ ಇತ್ತೋ, ಆಮೇಲೆ ಬಂತೋ ಎಂಬುದನ್ನು ನಿರ್ಣಯಿಸಬೇಕು. ಸಾಂಖ್ಯರು ಸತ್ಕಾರ್ಯವಾದಿಗಳು. ಎಣ್ಣೆ ಎಳ್ಳಿನಲ್ಲಿ ಮೊದಲೇ ಇದ್ದಂತೆ ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆ ಎಂಬುದು ಅವರ ನಿಲುವು. ಬಾಟಲಿ ತುಂಬುವಾಗಲೇ ಮುಚ್ಚಳದಡಿ ಸಿಕ್ಕಿಬಿದ್ದ ಆಮ್ಲಜನಕ ಮುಂದೆ ರಟ್ಟಾಗಿ ಪ್ರಕಟವಾದರೆ ಸಾಂಖ್ಯರು ಗೆದ್ದರು, ಬೈಗುಳ ಕಾರ್ಖಾನೆಗೆ. ನೈಯಾಯಿಕರು ಅಸತ್ಕಾರ್ಯವಾದಿಗಳು, ಇಲ್ಲದ್ದು ಹೊಸದಾಗಿ ಹುಟ್ಟುತ್ತದೆ ಎನ್ನುವವರು. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯ ಕಪಾಟಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಹುಟ್ಟಿದ ಥಯಾಲ್ ಅವರ ಪಕ್ಷಕ್ಕೆ ಸಾಕ್ಷಿ, ಬೈಗುಳ ಅಂಗಡಿಯವನಿಗೆ. ಬೌದ್ಧನ ಮತ ಬೇರೆ. ಎಲ್ಲವೂ ಕ್ಷಣಿಕ, ಮುಚ್ಚಳ ತೆಗೆದಾಗಿನ ಬಿಯರ್ ಬೇರೆ, ಗುಟುಕರಿಸಿದ್ದು ಬೇರೆ, ಆದ್ದರಿಂದ ವಿಮರ್ಶೆಯೇ ಅಸಂಭವ. ತತ್ತ್ವವಾಗಿ ಇದನ್ನು ಖಂಡಿಸುವುದು ಕಷ್ಟ. ಆದರೆ ಕುಡಿದವನೇ ಬೇರೆ, ಈಗ ಕೂತಿರುವವನೇ ಬೇರೆ ಎಂದು ಕ್ಯಾಷಿಯರಿಗೆ ಹೇಳಿ ಬಿಲ್ ತಪ್ಪಿಸಿಕೊಂಡ ಕ್ಷಣಿಕವಾದಿಯನ್ನು ಲೋಕ ಕಂಡಿಲ್ಲ.

ಇನ್ನು ವಿಮರ್ಶೆಯ ಪರವಾಗಿ ಇತಿಹಾಸದ ಸಾಕ್ಷ್ಯ. 1838ರಲ್ಲಿ ಬೊಹೀಮಿಯಾದ ಪಿಲ್ಸೆನ್ ಪಟ್ಟಣದಲ್ಲಿ ಕುಡಿಯಲು ಲಾಯಕ್ಕಿಲ್ಲದ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ಸುರಿದುಬಿಟ್ಟರು. ಇಷ್ಟು ಚುಟುಕಾದ, ಇಷ್ಟು ನಿಸ್ಸಂದಿಗ್ಧವಾದ ವಿಮರ್ಶೆ ಯಾವ ಭಾಷೆಯಲ್ಲೂ ಬಂದಂತಿಲ್ಲ. ಮುನ್ನುಡಿಯಿಲ್ಲ, “ಭರವಸೆ ಮೂಡಿಸುವ ಪ್ರಯತ್ನ” ಎಂಬ ಸಮಾಧಾನವಿಲ್ಲ, ನೇರ ಚರಂಡಿಗೆ. ಆಮೇಲೆ ಊರಿನವರು ಸೇರಿ ಹೊಸ ಬ್ರೂವರಿ ಕಟ್ಟಿ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬವನನ್ನು ಕರೆತಂದರು. 1842ರ ಅಕ್ಟೋಬರ್ 5ರಂದು ಅವನು ಕುದಿಸಿದ ಬಿಯರೇ ಹೊನ್ನಿನ ಬಣ್ಣದ ಪಿಲ್ಸ್ನರ್. ಇವತ್ತು ರಾಣೆಬೆನ್ನೂರಿನ ಬಾರಿನಲ್ಲಿ ಹಳದಿ ಬಣ್ಣದಲ್ಲಿ ನೊರೆಯುಕ್ಕುವ ಲಾಗರಿಗೂ ಅದೇ ಮೂಲಪುರುಷ. “ಪಾಪ, ಪೀಪಾಯಿ ಸರಿಯಿಲ್ಲದಿದ್ದಿರಬಹುದು” ಎಂದು ಪಿಲ್ಸೆನ್ನಿನವರು ಉದಾರರಾಗಿದ್ದರೆ ನಾವು ಈಗಲೂ ಯಾವ ಮಬ್ಬು ದ್ರವ ಕುಡಿಯುತ್ತಿದ್ದೆವೋ.

ಲೂಯಿ ಪಾಶ್ಚರ್ ಕೂಡ ನಮ್ಮ ಪಕ್ಷದವನೇ. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋಗಿ, ಅವರ ಪೋರ್ಟರ್ ಬಿಯರಿನ ಯೀಸ್ಟನ್ನು ಸೂಕ್ಷ್ಮದರ್ಶಕದಡಿ ನೋಡಿ, ಇದರಲ್ಲಿ ಬೇಡದವರು ಸೇರಿಕೊಂಡಿದ್ದಾರೆ ಎಂದು ಅವರ ಮುಖಕ್ಕೇ ಹೇಳಿದ. ಅವರು ಸಿಟ್ಟಾಗಲಿಲ್ಲ, ತಾವೂ ಒಂದು ಸೂಕ್ಷ್ಮದರ್ಶಕ ಕೊಂಡರು. ಲೇಖಕರು ವಿಮರ್ಶೆಯನ್ನು ಹೀಗೆ ಸ್ವೀಕರಿಸಿದ ಉದಾಹರಣೆ ನಮ್ಮ ಸಾಹಿತ್ಯದಲ್ಲಿ ಹುಡುಕಬೇಕು. 1876ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಶೀರ್ಷಿಕೆಯಲ್ಲೇ ಬಿಯರಿನ ರೋಗಗಳ ಪ್ರಸ್ತಾಪವಿದೆ. ಜರ್ಮನಿಯ ಕೈಯಲ್ಲಿ ಫ್ರಾನ್ಸ್ ಸೋತ ಸಿಟ್ಟಿಗೆ ಅವನು ಬಿಯರ್ ಸುಧಾರಣೆಗೆ ಇಳಿದಿದ್ದ. ತನ್ನ ವಿಧಾನದ ಬಿಯರಿಗೆ ರಾಷ್ಟ್ರೀಯ ಸೇಡಿನ ಬಿಯರ್ ಎಂಬ ಹೆಸರು ಇರಲೆಂದು ಬಯಸಿದ್ದ. ದೇಶಭಕ್ತಿಗೆ ಇಷ್ಟು ಉಪಯುಕ್ತವಾದ ದಾರಿ ಇನ್ನೊಂದು ನನಗೆ ಕಂಡಿಲ್ಲ. ಇಂಗ್ಲೆಂಡಿನಲ್ಲಿ ಏಲ್ ರುಚಿ ನೋಡುವುದೇ ಒಂದು ಸಾರ್ವಜನಿಕ ಹುದ್ದೆಯಾಗಿತ್ತು. ಷೇಕ್ಸ್‌ಪಿಯರನ ತಂದೆ ಜಾನ್ 1556ರಲ್ಲಿ ಸ್ಟ್ರಾಟ್‌ಫರ್ಡಿನ ಏಲ್ ಪರೀಕ್ಷಕನಾದ. ತಂದೆ ಪಾನವಿಮರ್ಶಕ, ಮಗ ನಾಟಕಕಾರ. ನಮ್ಮಲ್ಲಿ ವಿಮರ್ಶಕರ ಮಕ್ಕಳು ಸಾಮಾನ್ಯವಾಗಿ ಸಾಫ್ಟ್‌ವೇರಿಗೆ ಹೋಗುತ್ತಾರೆ.

ಪಾಶ್ಚರ್ ಕಂಡ ಬಾಡಿಗೆದಾರರೇ ಮೂರನೇ ಪ್ರಭೇದ. ಲ್ಯಾಕ್ಟೊಬ್ಯಾಸಿಲಸ್ ಹುಳಿ ಮಾಡುತ್ತದೆ. ಪೀಡಿಯೊಕಾಕಸ್ ಹುಳಿಯ ಜೊತೆಗೆ ಡೈಅಸಿಟೈಲ್ ಬಿಟ್ಟು ಬೆಣ್ಣೆಯ ವಾಸನೆ ತರುತ್ತದೆ. (ಇವುಗಳಿಂದ ವಿಮರ್ಶಕ ಹುತಾತ್ಮನಾಗುವ ಸಂಭವವಿಲ್ಲ. ಆಮ್ಲ, ಆಲ್ಕೋಹಾಲ್, ಹಾಪ್ಸಿನ ಕಹಿ ಮೂರೂ ಸೇರಿ ರೋಗಾಣುಗಳು ಬಿಯರಿನಲ್ಲಿ ಸಾಮಾನ್ಯವಾಗಿ ಬಾಳದಂತೆ ನೋಡಿಕೊಳ್ಳುತ್ತವೆ. ಪ್ರಶಸ್ತಿಗಾಗಿ ಬೇರೆ ಕಾರಣ ಹುಡುಕಬೇಕು.) ಆದರೆ ಇವು ದೋಷವೇ ಎಂಬಲ್ಲಿ ತಕರಾರಿದೆ. ಕಾವ್ಯಶಾಸ್ತ್ರದಲ್ಲಿ ನಿತ್ಯದೋಷ, ಅನಿತ್ಯದೋಷ ಎಂಬ ವಿಭಾಗವುಂಟು. ಕಿವಿಗೆ ಒರಟಾದ ಅಕ್ಷರಗಳು ಶೃಂಗಾರದಲ್ಲಿ ದೋಷ, ರೌದ್ರದಲ್ಲಿ ಗುಣ. ಬೆಣ್ಣೆಯ ವಾಸನೆ ಹೆಚ್ಚಿನ ಲಾಗರುಗಳಲ್ಲಿ ದೋಷ, ಕೆಲವು ಇಂಗ್ಲಿಷ್ ಏಲ್‌ಗಳಲ್ಲೂ ಝೆಕ್ ಪಿಲ್ಸ್ನರಿನಲ್ಲೂ ಹಿತಮಿತವಾಗಿದ್ದರೆ ಕ್ಷಮ್ಯ. ಇದನ್ನು ದೋಷವೆಂದು ದಾವಣಗೆರೆಯಲ್ಲಿ ಒಪ್ಪಿಸುವುದು ಯಾವ ಆಲಂಕಾರಿಕನಿಗೂ ಸಾಧ್ಯವಿಲ್ಲ. ಬ್ರಸೆಲ್ಸಿನ ಸುತ್ತಮುತ್ತ ಲ್ಯಾಂಬಿಕ್ ಮಾಡುವವರಂತೂ ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಗೆ ಸುರಿದು ರಾತ್ರಿಯಿಡೀ ಗಾಳಿಗೆ ಬಿಡುತ್ತಾರೆ, ಬಂದವರೆಲ್ಲ ಬನ್ನಿ ಎಂದು. ಹಾಕುವ ಹಾಪ್ಸ್ ಕೂಡ ಬೇಕೆಂದೇ ಹಳತು ಮಾಡಿದ್ದು. ಆಮೇಲೆ ಪೀಪಾಯಿಯಲ್ಲಿ ವರ್ಷಗಟ್ಟಲೆ. ಪಿಲ್ಸೆನ್ನಿನ ಪುರಭವನದ ಮುಂದೆ ಚೆಲ್ಲಿಸಿಕೊಳ್ಳಬೇಕಾದ ದ್ರವಕ್ಕೆ ಅಲ್ಲಿ ಷಾಂಪೇನಿನ ಮರ್ಯಾದೆ.

ಹೀಗಿರುವಾಗ ಕೆಟ್ಟ ಒಂದೇ ಬಾಟಲಿಯನ್ನು ನಮ್ಮ ಬೇರೆ ಬೇರೆ ವಿಮರ್ಶಾ ಪಂಥಗಳಿಗೆ ಒಪ್ಪಿಸಿದರೆ ಏನಾಗುತ್ತದೆ? ನವೋದಯದ ವಿಮರ್ಶಕ ಮೂಗು ಮುಚ್ಚಿಕೊಂಡೇ ಕೈಮುಗಿಯುತ್ತಾನೆ; ಸೂರ್ಯರಶ್ಮಿ ಸೋಂಕಿದ ಪಾನಕದಲ್ಲಿ ಅವನಿಗೆ ವಿಶ್ವಚೈತನ್ಯದ ಲೀಲೆ ಕಾಣುತ್ತದೆ. ನವ್ಯದವನಿಗೆ ನೊರೆ ಏಳದಿರುವುದೇ ಮುಖ್ಯ. ಏಳದ ನೊರೆ ಅಸ್ತಿತ್ವದ ಬಿಕ್ಕಟ್ಟು, ರಟ್ಟಿನ ವಾಸನೆ ನಗರದ ಮಧ್ಯಮವರ್ಗದ ಅನಾಥಪ್ರಜ್ಞೆ, ಕೊನೆಗೆ ಕೆಟ್ಟಿರುವುದು ಬಿಯರಲ್ಲ ತಾನು ಎಂದು ಅವನು ಕಂಡುಕೊಳ್ಳುತ್ತಾನೆ; ಅಷ್ಟರಲ್ಲಿ ಬಾಟಲಿ ಖಾಲಿ. ಬಂಡಾಯದವನು ಈ ಕೇಸನ್ನು ಲಾರಿಗೆ ಹೊತ್ತು ಹಾಕಿದವರು ಯಾರು, ತಣ್ಣನೆಯ ಗೋದಾಮು ಯಾರಿಗೆ, ತಗಡಿನ ಶೆಡ್ಡು ಯಾರಿಗೆ ಎಂದು ಕೇಳುತ್ತಾನೆ. ಎಲ್ಲರಿಗಿಂತ ಸರಿಯಾದ ಪ್ರಶ್ನೆ ಅವನದೇ ಎಂದು ನನ್ನ ಅಭಿಪ್ರಾಯ. ದೇಸಿವಾದಿ ನಗುತ್ತಾನೆ: ಬೆಳಿಗ್ಗೆ ಇಳಿಸಿದ ಹೆಂಡ ಸಂಜೆಗೆ ಹುಳಿ, ಅದಕ್ಕೆ ಯಾರೂ ವಿಮರ್ಶೆ ಬರೆದದ್ದಿಲ್ಲ, ಬೇಗ ಕುಡಿದದ್ದುಂಟು. ಸಂಶೋಧಕನೊಬ್ಬ ಮಾತ್ರ ಮಾತಾಡದೆ ಲೇಬಲ್ಲಿನ ಬ್ಯಾಚ್ ನಂಬರನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿರುತ್ತಾನೆ.

ಆ ಚೀಟಿಯಲ್ಲೇ ನಮ್ಮ ಸಿದ್ಧಾಂತ ಅಡಗಿದೆ. ಗೆದ್ದಲು ತಿಂದ ಓಲೆಗರಿಯನ್ನು ಗ್ರಂಥಸಂಪಾದಕರು ಬಿಸಾಡುವುದಿಲ್ಲ. ಎಷ್ಟು ಗರಿ, ಎಲ್ಲಿ ಲುಪ್ತ, ಯಾವ ಊರಿನ ಪ್ರತಿ ಎಂದು ವರ್ಣಿಸಿ, ಇನ್ನೊಂದು ಪ್ರತಿ ತಂದು ತಾಳೆ ಹಾಕುತ್ತಾರೆ. ಬಾಟಲಿ ಎಂಬುದೂ ಒಂದು ಪ್ರತಿ. ಬಿಯರ್ ತೀರ್ಪುಗಾರರಿಗೂ ಇದು ಗೊತ್ತು. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಪದ್ಧತಿಯಲ್ಲಿ ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಮೈಕಟ್ಟಿಗೆ 5, ಒಟ್ಟಂದಕ್ಕೆ 10. ಎಷ್ಟೇ ಕೆಟ್ಟದ್ದಿದ್ದರೂ 13ಕ್ಕಿಂತ ಕೆಳಗೆ ಇಳಿಸದಿರುವುದು ಅಲ್ಲಿನ ಸೌಜನ್ಯ. ನಮ್ಮ ಎಸ್ಸೆಸ್ಸೆಲ್ಸಿಯ ಕೃಪಾಂಕದ ಹಾಗೆ. ಮೊದಲ ಬಾಟಲಿಯ ಮೇಲೆ ಅನುಮಾನ ಬಂದರೆ ಸ್ಪರ್ಧೆಗಳಲ್ಲಿ ಎರಡನೆಯದನ್ನು ಒಡೆಯುವ ರೂಢಿಯೂ ಇದೆ.

ಎರಡು ಸಾಕೇ? ಇದಕ್ಕೆ ಉತ್ತರ ಕೊಟ್ಟವನೂ ಬಿಯರ್ ಲೋಕದವನೇ. ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿ 1899ರಿಂದ ಕೆಲಸಕ್ಕಿದ್ದ ವಿಲಿಯಂ ಸೀಲಿ ಗಾಸೆಟ್, ಮಾದರಿಗಳು ಕಡಿಮೆ ಇದ್ದಾಗ ಎಷ್ಟರಮಟ್ಟಿಗೆ ತೀರ್ಮಾನ ಹೇಳಬಹುದು ಎಂಬ ಲೆಕ್ಕವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಕಾವ್ಯನಾಮದಲ್ಲಿ ಪ್ರಕಟಿಸಿದ. ನೌಕರರು ಸ್ವಂತ ಹೆಸರಿನಲ್ಲಿ ಬರೆಯಲು ಕಂಪನಿ ಬಿಡುತ್ತಿರಲಿಲ್ಲ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಇವತ್ತಿಗೂ ಪರೀಕ್ಷೆಗೆ ಓದುವ ಟಿ-ಪರೀಕ್ಷೆ ಅದೇ. ಅದರ ಪ್ರಕಾರ ಒಂದು ಬಾಟಲಿಯಿಂದ ಮಾಡಿದ ವಿಮರ್ಶೆಯಲ್ಲಿ ಭಾಜಕ ಒಂದರಲ್ಲಿ ಒಂದು ಕಳೆದು ಸೊನ್ನೆಯಾಗುತ್ತದೆ, ಲೆಕ್ಕವೇ ನಿಂತುಹೋಗುತ್ತದೆ. ಶೇಕಡ 95ರ ವಿಶ್ವಾಸಕ್ಕೆ ಎರಡು ಬಾಟಲಿ ಕುಡಿದರೆ ಗುಣಕ 12.706, ಯಾರೂ ಏನೂ ಹೇಳಲಾಗದಷ್ಟು ಸಡಿಲ. ಮೂರಕ್ಕೆ 4.303. ಹನ್ನೆರಡಕ್ಕೆ 2.201, ಇದು ಮಾನವಂತರು ಒಪ್ಪುವ ಸಂಖ್ಯೆ. ನಮ್ಮಲ್ಲಿ 650 ಮಿಲಿಲೀಟರಿನ ಬಾಟಲಿಗಳ ಒಂದು ಕೇಸಿನಲ್ಲಿ ಸರಿಯಾಗಿ ಹನ್ನೆರಡು ಇರುವುದು ಕೇವಲ ಕಾಕತಾಳೀಯವೆಂದು ನಾನು ನಂಬಲಾರೆ.

ಆಕ್ಷೇಪ: ಐದಾರು ಬಾಟಲಿಯ ನಂತರ ಪ್ರಮಾತೃವೇ ಕೆಟ್ಟುಹೋಗುವುದರಿಂದ ಮಿಕ್ಕವುಗಳ ಬಗ್ಗೆ ಅವನ ಜ್ಞಾನ ಪ್ರಮೆಯಲ್ಲ. ಒಪ್ಪಿದೆ. ಆದ್ದರಿಂದ ದಿನಕ್ಕೊಂದರಂತೆ ಹನ್ನೆರಡು ದಿನ ಸವಿಯತಕ್ಕದ್ದು. ಆದರೆ ಆ ಅವಧಿಯಲ್ಲಿ ಮಿಕ್ಕ ಬಾಟಲಿಗಳು 3-30-300 ಸೂತ್ರದಂತೆ ಮುಪ್ಪಾಗುತ್ತವೆ. ಹಾಗಾಗದಿರಲು ಅವನ್ನು 3 ಡಿಗ್ರಿಯಲ್ಲಿ, ಕತ್ತಲಲ್ಲಿ ಇಡಬೇಕು.

ಸಿದ್ಧಾಂತ ಇಷ್ಟು. ಕೆಟ್ಟುಹೋದ ಬಿಯರನ್ನು ವಿಮರ್ಶಿಸಬಹುದು, ವಿಮರ್ಶಿಸಲೇಬೇಕು. ಒಂದೇ ಬಾಟಲಿ ಕುಡಿದು ಬರೆದದ್ದನ್ನು ಪ್ರತಿವರ್ಣನೆ ಎಂದಷ್ಟೇ ಕರೆಯಬೇಕು. ಅದರಲ್ಲಿ ತಯಾರಿಕೆಯ ತಾರೀಕು, ಬ್ಯಾಚ್ ನಂಬರು, ಗಾಜಿನ ಬಣ್ಣ, ಅಂಗಡಿಯ ದಿಕ್ಕು ಇರಬೇಕು. ಬಿಯರನ್ನೇ ಬೈಯಬೇಕಾದರೆ ಒಂದು ಕೇಸ್ ಕುಡಿದಿರಬೇಕು.

ಪ್ರಸ್ತುತ ಲೇಖಕರು ಈವರೆಗೆ ಪ್ರತಿವರ್ಣನೆಯ ಹಂತದಲ್ಲಷ್ಟೇ ಇರುವುದರಿಂದ ಸಂಪಾದಕರಲ್ಲಿ ವಿನಂತಿ: ಸಂಶೋಧನೆಯ ಮುಂದುವರಿಕೆಗಾಗಿ 12 ಬಾಟಲಿಗಳ ಒಂದು ಕೇಸ್ ಮತ್ತು ಒಂದು ಸಣ್ಣ ಫ್ರಿಜ್ಜನ್ನು ಬೇಸಿಗೆ ಶುರುವಾಗುವುದರೊಳಗೆ ಮಂಜೂರು ಮಾಡಬೇಕು. ಹಸಿರು ಬಾಟಲಿ ಬೇಡ.